ಕೋಟೆಯ ಕಂದಕ, ತೋಟದ ಅಗಳು

ಈ ಸಲ ನಮ್ಮ ಶಾಲೆಯ ಮಕ್ಕಳನ್ನು ಶ್ರೀರಂಗಪಟ್ಟಣಕ್ಕೆ ಕರೆದುಕೊಂಡು ಹೋಗಿದ್ದೆವು. ಸುಳ್ಯ, ಸಂಪಾಜೆ, ಮಡಿಕೇರಿ, ಕುಶಾಲನಗರ, ಮೈಸೂರು – ನಮ್ಮ ಸೀಮೆಯ ಶಾಲಾ ಪ್ರವಾಸದ ಬಸ್ಸುಗಳು ಹಿಡಿಯುವ ಹಳೆಯ ದಾರಿ. ರಾತ್ರಿ ಹೊರಟು ಬೆಳಿಗ್ಗೆ ಇಳಿದ ಮಕ್ಕಳಿಗೆ ಕಣ್ಣುಜ್ಜಿಕೊಳ್ಳುವ ಮೊದಲೇ ಇತಿಹಾಸ ಶುರುವಾಗುತ್ತದೆ. ಗೈಡು ಕೋಟೆಯ ಗೋಡೆಯ ಮೇಲೆ ನಿಲ್ಲಿಸಿ ಕೆಳಗೆ ಬೆರಳು ತೋರಿಸಿದ. "ನೋಡಿ ಮಕ್ಕಳೇ, ಇದು ಕಂದಕ. ಇದರಲ್ಲಿ ನೀರು ತುಂಬಿಸಿ ಮೊಸಳೆ ಬಿಡ್ತಿದ್ರು. ಶತ್ರುಗಳು ದಾಟಬಾರದು ಅಂತ."

ಒಂಬತ್ತನೇ ತರಗತಿಯ ಹುಡುಗನೊಬ್ಬ ನನ್ನ ಪಕ್ಕಕ್ಕೆ ಸರಿದು ಮೆಲ್ಲಗೆ ಕೇಳಿದ: "ಸರ್, ಇದು ನಮ್ಮ ಕಡೆಯ ಅಗಳು ಅಲ್ವಾ? ಇಷ್ಟು ದೊಡ್ಡದು ತೋಡ್ಲಿಕ್ಕೆ ಎಷ್ಟು ಜನ ಬೇಕು? ಕೋಲಿಗೆ ಎಷ್ಟು ಸಂಬಳ ಕೊಟ್ಟಿರಬಹುದು?"

ಹುಡುಗನ ಅಪ್ಪ ಅಡಿಕೆ ತೋಟಗಳಿಗೆ ಅಗಳು ತೆಗೆಯಲು ಹೋಗುವವರು. ಕೋಲಿನ ಲೆಕ್ಕದಲ್ಲಿ ಗುತ್ತಿಗೆ. ಮನೆಯಲ್ಲಿ ದಿನವೂ ಕೇಳುವ ಮಾತು ಅವನ ಬಾಯಿಗೆ ಬಂತು, ಅಷ್ಟೆ. ಆದರೆ ಇಪ್ಪತ್ತು ವರ್ಷಗಳಿಂದ ಮಕ್ಕಳಿಗೆ ಕೋಟೆಯ ಪಾಠ ಮಾಡುತ್ತಿರುವ ನನಗೆ ಈ ಪ್ರಶ್ನೆ ಒಂದು ಸಲವೂ ಹೊಳೆದಿರಲಿಲ್ಲ. ಗೈಡಿನ ಬಳಿ ಉತ್ತರವಿರಲಿಲ್ಲ. ಪಠ್ಯಪುಸ್ತಕದಲ್ಲಿಯೂ ಇಲ್ಲ. ನಾನು ಓದಿದ ಕನ್ನಡದ ಕಾದಂಬರಿ, ನಾಟಕ, ಪ್ರವಾಸಕಥನಗಳಲ್ಲಿಯೂ ಇಲ್ಲ. ಈ ಇಲ್ಲದಿರುವಿಕೆಯನ್ನೇ ಓದಬೇಕು ಎಂಬುದು ಈ ಬರಹದ ಉದ್ದೇಶ.

ಮೊದಲು ಮಾತನ್ನೇ ನೋಡೋಣ. ಕಂದಕ ಎಂಬುದು ಪಾರಸಿ, ಅರಬ್ಬಿಗಳ ದಾರಿಯಿಂದ ಬಂದ ಪದ. ಅದರ ಬೇರಿನಲ್ಲಿ ಇರುವುದು ತೋಡುವ ಕೆಲಸ. ಅಗಳು ನಮ್ಮದೇ ಹಳೆಯ ಮಾತು. ಅಗೆದದ್ದು ಅಗಳು. ಹಳಗನ್ನಡದ ಕವಿಗಳು ರಾಜಧಾನಿಗಳನ್ನು ವರ್ಣಿಸುವಾಗ ಕೋಟೆಯ ಸುತ್ತಲಿನ ನೀರಿನ ಕಾಲುವೆಗೆ ಬಳಸಿದ್ದು ಇದೇ ಮಾತನ್ನು. ಪುತ್ತೂರು, ಸುಳ್ಯ, ಕಡಬದ ಕಡೆ ತೋಟದ ಸುತ್ತ ದನ ನುಗ್ಗದಂತೆ, ಮಳೆನೀರು ಹರಿದುಹೋಗುವಂತೆ, ಗಡಿ ಗೊತ್ತಾಗುವಂತೆ ತೆಗೆಯುವ ಗುಂಡಿಯ ಸಾಲಿಗೂ ಅದೇ ಹೆಸರು. ಎರಡು ಭಾಷೆಗಳೂ ಅಗೆದವನ ಕೈಯನ್ನು ಮಾತಿನೊಳಗೆ ಉಳಿಸಿಕೊಂಡಿವೆ. ಚರಿತ್ರೆ ಬರೆದವರು ಮಾತ್ರ ಆ ಕೈಯನ್ನು ಮರೆತರು.

ಶ್ರೀರಂಗಪಟ್ಟಣದ ಕೋಟೆಯನ್ನು ಕಟ್ಟಿಸಿದವರ ಪಟ್ಟಿ ಯಾವ ಪುಸ್ತಕದಲ್ಲಾದರೂ ಸಿಗುತ್ತದೆ. 1454ರ ತಿಮ್ಮಣ್ಣ, ಆಮೇಲೆ ಮೈಸೂರಿನ ಒಡೆಯರು, ಆಮೇಲೆ ಹೈದರ್, ಟಿಪ್ಪು. 'ಕಟ್ಟಿಸಿದರು' ಎಂಬ ಕ್ರಿಯಾಪದವನ್ನು ಗಮನಿಸಿ. ಕನ್ನಡ ವ್ಯಾಕರಣ ಬಹಳ ಪ್ರಾಮಾಣಿಕವಾದದ್ದು. 'ಇಸು' ಎಂದು ಸೇರಿಸಿದ ಕೂಡಲೇ ಇನ್ಯಾರೋ ಕಟ್ಟಿದ್ದಾರೆ ಎಂದು ಅದು ಒಪ್ಪಿಕೊಂಡುಬಿಡುತ್ತದೆ. ಕಟ್ಟಿದವರು, ಅಗೆದವರು, ಕಲ್ಲು ಹೊತ್ತವರು ಯಾರು ಎಂದು ಕೇಳಿದರೆ ಅದೇ ಪುಸ್ತಕಗಳ ಬಾಯಿ ಬೀಳುತ್ತದೆ.

ಗೈಡು ಹೇಳುವ ಕಥೆಯಲ್ಲಿ ಸಂಬಳ ಎಂಬ ಮಾತು ಒಂದೇ ಒಂದು ಸಲ ಬರುತ್ತದೆ. 1799ರ ಮೇ 4ರ ಮಧ್ಯಾಹ್ನ ಕಂಪೆನಿಯ ಸೈನ್ಯ ಹೊಳೆ ದಾಟಿ ಒಡಕಿನ ಗೋಡೆಗೆ ನುಗ್ಗುವ ಹೊತ್ತಿಗೆ, ಮೀರ್ ಸಾದಿಕ್ ಸಂಬಳ ಬಟವಾಡೆಯ ನೆಪ ಹೇಳಿ ಕಾವಲಿನ ಸೈನಿಕರನ್ನು ಅಲ್ಲಿಂದ ಸರಿಸಿದ ಎಂದು ಜನ ಹೇಳುತ್ತ ಬಂದಿದ್ದಾರೆ. ಮಕ್ಕಳು ಮೀರ್ ಸಾದಿಕ್‌ನಿಗೆ 'ಥೂ' ಎನ್ನುತ್ತಾರೆ. ಎನ್ನಲಿ. ಆದರೆ ಈ ಕಥೆಯನ್ನು ಇನ್ನೊಂದು ಕಡೆಯಿಂದಲೂ ಓದಬಹುದು. ಸಂಬಳ ಕೊಡುತ್ತೇವೆ ಎಂದರೆ ಪ್ರಾಣಕ್ಕೆ ಪ್ರಾಣ ಕೊಡುವ ಹೊತ್ತಿನಲ್ಲೂ ಜನ ಎದ್ದುಹೋಗುತ್ತಾರೆ ಎಂದು ಕಥೆ ಕಟ್ಟಿದವರು ನಂಬಿದ್ದರಲ್ಲ! ಆ ಸೈನಿಕರ ಹೊಟ್ಟೆ ಎಷ್ಟು ದಿನದಿಂದ ಖಾಲಿಯಿತ್ತು ಎಂದು ಯಾರೂ ಕೇಳಲಿಲ್ಲ. ಕೋಟೆಯ ಸಾಹಿತ್ಯದಲ್ಲಿ ದುಡಿಯುವವನ ಸಂಬಳ ಬಂದದ್ದೇ ದ್ರೋಹದ ವೇಷ ಹಾಕಿಕೊಂಡು.

ಇನ್ನು ತೋಟ. ಕೋಟೆಯಿಂದ ಹೊರಗೆ ಪೂರ್ವಕ್ಕೆ, ಕಾವೇರಿಯ ದಂಡೆಯಲ್ಲಿ ದರಿಯಾ ದೌಲತ್. 1784ರಲ್ಲಿ ಟಿಪ್ಪು ಕಟ್ಟಿಸಿದ ಬೇಸಿಗೆಯ ಅರಮನೆ. ನಾಲ್ಕು ಭಾಗ ಮಾಡಿದ ಉದ್ಯಾನ, ನಡುವೆ ತೇಗದ ಕಂಬಗಳ ಕಟ್ಟಡ. ಪಡುವಣ ಗೋಡೆಯ ತುಂಬ 1780ರ ಪೊಳ್ಳಿಲೂರು ಯುದ್ಧದ ಚಿತ್ರ. ಹೈದರ್, ಟಿಪ್ಪು ಇಬ್ಬರೂ ಮೆರವಣಿಗೆಯ ಠೀವಿಯಲ್ಲಿದ್ದಾರೆ. ಸೋತ ಕರ್ನಲ್ ಬೈಲಿ ಗಾಯಗೊಂಡು ಪಲ್ಲಕ್ಕಿಯಲ್ಲಿ ಕುಳಿತಿದ್ದಾನೆ. ಗೆದ್ದವರಿಗೂ ಸೋತವರಿಗೂ ಮುಖವಿದೆ. ಸಾಲುಸಾಲಾಗಿ ನಿಂತ ಕಾಲಾಳುಗಳಿಗೆ ಮಾತ್ರ ಒಂದೇ ಅಚ್ಚಿನ ಮುಖ. ಬೈಲಿಯ ಪಲ್ಲಕ್ಕಿ ಹೊತ್ತವರು ಯಾವ ಊರಿನವರು, ಯಾವ ಜಾತಿಯವರು ಎಂಬ ಪ್ರಶ್ನೆ ಚಿತ್ರಗಾರನಿಗೂ ಬೇಕಾಗಿರಲಿಲ್ಲ, ನೋಡಲು ಹೋದ ನಮಗೂ ಬೇಕಾಗಿಲ್ಲ.

ಈ ಚಿತ್ರದ ಮುಂದಿನ ಕಥೆ ಇನ್ನೂ ಮುಖ್ಯವಾದದ್ದು. ಇದು ಇಂಗ್ಲಿಷರ ಸೋಲಿನ ಚಿತ್ರ. ಆದರೂ ಹತ್ತೊಂಬತ್ತನೆಯ ಶತಮಾನದ ನಡುವೆ ಗವರ್ನರ್ ಜನರಲ್ ಡಾಲ್‌ಹೌಸಿಯೇ ಇದನ್ನು ಸರಿಪಡಿಸಲು ಅಪ್ಪಣೆ ಮಾಡಿದ. ಅದಕ್ಕೂ ಮೊದಲು ಕೋಟೆ ಬಿದ್ದ ಮೇಲೆ ಕರ್ನಲ್ ವೆಲ್ಲೆಸ್ಲಿ ಇದೇ ತೋಟದ ಮನೆಯಲ್ಲಿ ವಾಸಮಾಡಿದ. ಒಬ್ಬ ದೊರೆ ಹೋದ, ಇನ್ನೊಬ್ಬ ದೊರೆ ಬಂದ. ತೋಟದ ಕುರ್ಚಿ ಖಾಲಿ ಬೀಳಲಿಲ್ಲ. ಆಳುವವರು ತಮ್ಮ ಶತ್ರುವಿನ ಚಿತ್ರಕ್ಕೂ ಬಣ್ಣ ಹಾಕಿಸುತ್ತಾರೆ, ಯಾಕೆಂದರೆ ಅದು ಆಳುವವನ ಚಿತ್ರ. ನಾವು ಹೋದ ದಿನ ಹುಲ್ಲಿನ ಹಾಸಿನಲ್ಲಿ ಐದಾರು ಹೆಂಗಸರು ಕುಕ್ಕರುಗಾಲಲ್ಲಿ ಕೂತು ಕಳೆ ಕೀಳುತ್ತಿದ್ದರು. ಫೋಟೋ ತೆಗೆಯುವವರು ಅವರು ಅಡ್ಡ ಬಾರದಂತೆ ಕ್ಯಾಮೆರಾ ತಿರುಗಿಸುತ್ತಿದ್ದರು.

ಟಿಪ್ಪುವಿನ ಮೇಲೆ ನನಗೆ ತಕರಾರಿಲ್ಲ. ಕಂಪೆನಿಗೆ ಬಗ್ಗದೆ, ತನ್ನ ಕೋಟೆಯ ಬಾಗಿಲಲ್ಲಿ ಸಿಪಾಯಿಗಳ ನಡುವೆಯೇ ಬಿದ್ದು ಸತ್ತ ದೊರೆ ಅವನು. 1792ರ ಒಪ್ಪಂದದಲ್ಲಿ ಅರ್ಧ ರಾಜ್ಯ ಕೊಟ್ಟ, ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ ದಂಡ ಒಪ್ಪಿದ, ಇಬ್ಬರು ಮಕ್ಕಳನ್ನು ಒತ್ತೆಯಿಟ್ಟ. ಆ ದಂಡದ ಹಣ ಕೊನೆಗೆ ಯಾವ ರೈತನ ಕಣಜದಿಂದ, ಯಾವ ಆಳಿನ ಬೆವರಿನಿಂದ ಹೊರಟಿತು ಎಂಬುದಷ್ಟೇ ನನ್ನ ಪ್ರಶ್ನೆ. 2015ರಲ್ಲಿ ಸರ್ಕಾರ ಟಿಪ್ಪು ಜಯಂತಿ ಶುರುಮಾಡಿತು, 2019ರಲ್ಲಿ ಇನ್ನೊಂದು ಸರ್ಕಾರ ನಿಲ್ಲಿಸಿತು. ಮಾಡಬೇಕು ಎಂದವರೂ ಬೇಡ ಎಂದವರೂ ಕೋಟೆಯ ಮೇಲೆ ನಿಂತುಕೊಂಡೇ ಜಗಳಾಡಿದರು. ಕೆಳಗೆ ಅಗಳಿಗೆ ಇಳಿದು ನೋಡಿದವರು ಕಡಿಮೆ.

ಕನ್ನಡ ಸಾಹಿತ್ಯ ಇಳಿದಿದೆಯೇ? ಎರಡು ದೊಡ್ಡ ಕೃತಿಗಳನ್ನು ತೆಗೆದುಕೊಳ್ಳೋಣ. ತ.ರಾ.ಸು. ಅವರ 'ದುರ್ಗಾಸ್ತಮಾನ' ಚಿತ್ರದುರ್ಗದ ಕೊನೆಯ ಮದಕರಿ ನಾಯಕನ ಪತನದ ಕಾದಂಬರಿ. 1985ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದದ್ದು. ಅದರ ಶಕ್ತಿಯನ್ನು ಅಲ್ಲಗಳೆಯುವ ಮಾತಿಲ್ಲ. ಆದರೆ ಹೆಸರೇ ಹೇಳುವಂತೆ ಅಲ್ಲಿ ಮುಳುಗುವುದು ದುರ್ಗ. ಸೂರ್ಯ ಮುಳುಗಿದ ಹಾಗೆ ಕೋಟೆ ಮುಳುಗುವುದನ್ನು ನೋಡಿ ನಾವು ಕಣ್ಣೀರು ಹಾಕುತ್ತೇವೆ. ಕೋಟೆ ಬಿದ್ದ ಮರುದಿನ ಹೊಲಗೇರಿಯಲ್ಲಿ ಏನು ಬದಲಾಯಿತು? ಅದು ಆ ದುಃಖದ ಲೆಕ್ಕಕ್ಕೆ ಸೇರುವುದಿಲ್ಲ.

ದುರ್ಗದ ಜೊತೆಗೇ ಒನಕೆ ಓಬವ್ವ ನೆನಪಾಗುತ್ತಾಳೆ. 1972ರ 'ನಾಗರಹಾವು' ಸಿನಿಮಾ ಅವಳನ್ನು ನಾಡಿನ ಮನೆಮನೆಗೆ ತಲುಪಿಸಿತು. ಕಾವಲುಗಾರನ ಹೆಂಡತಿ, ನಮ್ಮ ಕೇರಿಯ ಮಗಳೆಂದು ನಾವು ನೆನೆಯುವವಳು. ಗಂಡ ಉಣ್ಣುವ ಹೊತ್ತಿನಲ್ಲಿ ಕಿಂಡಿಯಲ್ಲಿ ನುಸುಳಿ ಬಂದವರನ್ನು ಒನಕೆಯಿಂದ ಬಡಿದು ಕೊನೆಗೆ ತಾನೂ ಸತ್ತಳು. ಅವಳ ಧೈರ್ಯಕ್ಕೆ ಶರಣು. ಆದರೆ ಅವಳ ಹೆಸರು ಉಳಿಯಲು ಏನು ಬೆಲೆ ಕೊಡಬೇಕಾಯಿತು ನೋಡಿ. ಕೋಟೆಯ ಕಥೆಯೊಳಗೆ ದಲಿತರಿಗೆ ಪ್ರವೇಶ ಸಿಗುವುದು ಕೋಟೆಗಾಗಿ ಸತ್ತರೆ ಮಾತ್ರ. ಬದುಕಿ, ಅಗೆದು, ಹೊತ್ತು, ಹಸಿದು, ಮುದುಕರಾಗಿ ಸತ್ತವರಿಗೆ ಕಿಂಡಿಯಷ್ಟೂ ಜಾಗವಿಲ್ಲ.

ಎರಡನೆಯದು ಗಿರೀಶ ಕಾರ್ನಾಡರ 'ಟಿಪ್ಪುವಿನ ಕನಸುಗಳು'. ಟಿಪ್ಪು ತನ್ನ ಕನಸುಗಳನ್ನು ಗುಟ್ಟಾಗಿ ಬರೆದಿಡುತ್ತಿದ್ದ. ಆ ಹೊತ್ತಿಗೆ ಕಂಪೆನಿಯವರ ಕೈಗೆ ಸಿಕ್ಕಿ ಉಳಿಯಿತು. ನಾಟಕ ಅದನ್ನು ಹಿಡಿದು ದೊರೆಯೊಳಗಿನ ಮನುಷ್ಯನನ್ನು ಹುಡುಕುತ್ತದೆ. ಕಿರ್ಮಾನಿ, ಮೆಕೆಂಜಿ ಎಂಬ ಇಬ್ಬರು ಚರಿತ್ರೆಕಾರರನ್ನು ರಂಗದ ಮೇಲೆ ತಂದು, ಚರಿತ್ರೆ ಯಾರ ಕೈಯಲ್ಲಿ ಬರೆಯಲ್ಪಡುತ್ತದೆ ಎಂದು ಕೇಳುತ್ತದೆ. ಒಳ್ಳೆಯ ಪ್ರಶ್ನೆ. ಆದರೆ ದೊರೆಯ ಕನಸು ಉಳಿದದ್ದು ಅವನಿಗೆ ಅಕ್ಷರ, ಕಾಗದ, ದಿಂಬು ಮೂರೂ ಇದ್ದದ್ದರಿಂದ. ಅಗಳು ತೋಡಿ ಬಂದು ನೆಲದ ಮೇಲೆ ಬಿದ್ದುಕೊಂಡವನಿಗೂ ಕನಸು ಬಿದ್ದಿರಬೇಕು. ಅದು ಎಲ್ಲಿದೆ?

ಇಲ್ಲಿಗೆ ನಮ್ಮ ಬಸ್ಸು ಊರಿಗೆ ವಾಪಸ್ ಹೊರಡುತ್ತದೆ. ಆ ಕನಸು ಇರುವುದು ನಮ್ಮೂರಲ್ಲೇ.

ಶ್ರೀರಂಗಪಟ್ಟಣ ನಮಗೆ ದೂರದ ಊರಲ್ಲ. ಆ ಕೋಟೆ ಬಿದ್ದದ್ದರಿಂದಲೇ ನಮ್ಮ ನೆಲದ ಹಣೆಬರಹ ಬದಲಾಯಿತು. ಟಿಪ್ಪುವಿನ ವಿರುದ್ಧ ಸಹಾಯ ಮಾಡಿದ್ದಕ್ಕೆ ಕಂಪೆನಿ 1804ರಲ್ಲಿ ಪಂಜ, ಬೆಳ್ಳಾರೆ ಕಡೆಯ ಮಾಗಣೆಗಳನ್ನು ಕೊಡಗಿನ ದೊಡ್ಡವೀರರಾಜನಿಗೆ ಬಿಟ್ಟುಕೊಟ್ಟಿತು. 1834ರಲ್ಲಿ ಚಿಕವೀರರಾಜನನ್ನು ಇಳಿಸಿ ಮತ್ತೆ ಕೆನರಾಕ್ಕೆ ಸೇರಿಸಿಕೊಂಡಿತು. ಬೆಳೆಯ ರೂಪದಲ್ಲಿ ಕೊಡುತ್ತಿದ್ದ ಕಂದಾಯವನ್ನು ರೊಕ್ಕದಲ್ಲಿ ಕೇಳಿತು. 1837ರಲ್ಲಿ ಬಂಡಾಯ ಎದ್ದಿತು. ಬೆಳ್ಳಾರೆಯ ಖಜಾನೆ ವಶವಾಯಿತು. ದಂಡು ಪುತ್ತೂರು, ಬಂಟ್ವಾಳ ದಾಟಿ ಮಂಗಳೂರು ಮುಟ್ಟಿ ಬಾವುಟ ಹಾರಿಸಿತು. ತೆರಿಗೆ ಬಿಡುತ್ತೇವೆ, ಉಪ್ಪು ಹೊಗೆಸೊಪ್ಪಿನ ಮೇಲಿನ ಕಂಪೆನಿಯ ಹಿಡಿತ ತೆಗೆಯುತ್ತೇವೆ ಎಂದು ಸಾರಿತು. ಮುಂದಾಳುಗಳು ಗಲ್ಲಿಗೇರಿದರು. ಕುಳ್ಕುಂದದಲ್ಲಿ ಹುಟ್ಟಿದ ನಿರಂಜನರು 'ಕಲ್ಯಾಣಸ್ವಾಮಿ' ಎಂದು ಇದರ ಮೇಲೆ ಕಾದಂಬರಿಯನ್ನೇ ಬರೆದರು. 2022ರಲ್ಲಿ ಮಂಗಳೂರಿನ ಬಾವುಟಗುಡ್ಡೆಯಲ್ಲಿ ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆ ಎದ್ದು ನಿಂತಿತು. ಆ ಬಂಡಾಯಕ್ಕೆ ನಾನೂ ತಲೆಬಾಗುತ್ತೇನೆ.

ಆದರೆ ಇನ್ನೊಂದು ವರ್ಷವನ್ನು ಅದರ ಪಕ್ಕದಲ್ಲಿಟ್ಟು ನೋಡಬೇಕು: 1843. ಗುಲಾಮಗಿರಿಗೆ ಕೋರ್ಟಿನಲ್ಲಿ ಮಾನ್ಯತೆಯಿಲ್ಲ ಎಂದು ಕಂಪೆನಿ ಕಾಯಿದೆ ಮಾಡಿದ್ದು ಆ ವರ್ಷ. ಅಂದರೆ 1837ರಲ್ಲಿ, ಸ್ವಾತಂತ್ರ್ಯದ ಬಾವುಟ ಹಾರಿದ ಆ ದಿನಗಳಲ್ಲಿ, ನಮ್ಮ ಹಿರಿಯರು ಇನ್ನೂ ಧಣಿಗಳ ಸೊತ್ತು. ನೆಲದ ಜೊತೆಗೆ ಕೈಬದಲಾಗುವ ಮೂಲದಾಳುಗಳು. 1801ರಲ್ಲಿ ಕೆನರಾ ಸುತ್ತಿದ ಬುಕಾನನ್ ಬೇಸಾಯದ ಗುಲಾಮರಿಗೆ ಕೊಡುವ ಅಕ್ಕಿ, ಬಟ್ಟೆಯ ಲೆಕ್ಕವನ್ನು ಕೂಡಾ ಬರೆದಿಟ್ಟ. ಕಂಪೆನಿಯ ಚಾಕರಿಯಲ್ಲಿದ್ದ ಪರದೇಶಿಯೊಬ್ಬ ಕಂದಾಯದ ಕಣ್ಣಿಂದ ನೋಡಿದಾಗಲಾದರೂ ನಮ್ಮ ಹಿರಿಯರ ಊಟದ ಅಳತೆ ಕಾಗದಕ್ಕೆ ಬಂತು. ತೆರಿಗೆ ಬಿಡುತ್ತೇವೆ ಎಂಬ ಸಾರುಹಾಕುವಿಕೆ ನೆಲ ಇದ್ದವರಿಗೆ ಹಬ್ಬ. ತಾವೇ ಸೊತ್ತಾಗಿದ್ದವರಿಗೆ ಯಾವ ತೆರಿಗೆ ಬಿಡುತ್ತಿದ್ದರು? ಆ ದಂಡಿನ ಅಕ್ಕಿಮೂಟೆ ಹೊತ್ತವರು ಯಾರಿದ್ದಿರಬಹುದು? 1837ನ್ನು 'ಸ್ವಾತಂತ್ರ್ಯ ಸಮರ' ಎಂದು ಬರೆಯುವವರು ಯಾರ ಸ್ವಾತಂತ್ರ್ಯ ಎಂದು ಒಂದು ಸಾಲು ಹೆಚ್ಚಿಗೆ ಬರೆದರೆ ಆ ಸಮರಕ್ಕೆ ಕುಂದು ಬರುವುದಿಲ್ಲ.

ಅಗಳು ತೋಡಿದವನ ಕನಸು ಎಲ್ಲಿದೆ ಎಂದು ಕೇಳಿದೆನಲ್ಲ, ಅದು ಇರುವುದು 'ಚೋಮನ ದುಡಿ'ಯಲ್ಲಿ. ದಶಕಗಳ ಕಾಲ ಪುತ್ತೂರಲ್ಲಿ ಬಾಳಿದ ಶಿವರಾಮ ಕಾರಂತರು 1933ರಲ್ಲಿ ಅದನ್ನು ತಂದರು. ಚೋಮ ಮಾರಿಹೊಲೆಯ, ಸಂಕಪ್ಪಯ್ಯನ ಒಕ್ಕಲಿನ ಆಳು. ಅವನ ಹತ್ತಿರ ಎತ್ತುಗಳಿವೆ, ನೆಲವಿಲ್ಲ. ತಾನೂ ಬೇಸಾಯಗಾರನಾಗಬೇಕು ಎಂಬ ಒಂದೇ ಕನಸು. ಸಂಕಪ್ಪಯ್ಯನ ಮನಸ್ಸು ಕರಗಿದರೂ ತಾಯಿ ಬಿಡುವುದಿಲ್ಲ. ಹೊಲೆಯ ಗೇಣಿ ಮಾಡುವುದೇ? ಸಾಲ ತೀರಿಸಲು ಮಕ್ಕಳು ಘಟ್ಟದ ಕಾಫಿ ತೋಟಕ್ಕೆ ಹೋಗುತ್ತಾರೆ. ಒಬ್ಬ ಮಗ ನೀರಲ್ಲಿ ಮುಳುಗುವಾಗ, ಮುಟ್ಟಿದರೆ ಮೈಲಿಗೆಯೆಂದು, ಎತ್ತುವ ಕೈ ಇರುವುದಿಲ್ಲ. ಕೊನೆಗೆ ಚೋಮನಿಗೆ ಉಳಿಯುವುದು ದುಡಿ ಒಂದೇ.

ಈ ಕಾದಂಬರಿಯನ್ನು ನಮ್ಮ ತರಗತಿಗಳಲ್ಲಿ ಹೇಗೆ ಕಲಿಸುತ್ತೇವೆ? 'ಪಾಪದ ಚೋಮ' ಎಂದು ಕಲಿಸುತ್ತೇವೆ. ವಿಧಿ ಎನ್ನುತ್ತೇವೆ. ಕರುಣರಸ ಎಂದು ಟಿಪ್ಪಣಿ ಬರೆಸುತ್ತೇವೆ. ಚೋಮ ಕೇಳಿದ್ದು ಕರುಣೆಯನ್ನಲ್ಲ, ನೆಲವನ್ನು. ನಾನು ಸ್ವತಃ ಎಷ್ಟೋ ವರ್ಷ ಹೀಗೇ ಪಾಠ ಮಾಡಿದವನು. ಶ್ರೀರಂಗಪಟ್ಟಣದಿಂದ ಬಂದ ಮೇಲೆ ಮತ್ತೆ ಓದಿದಾಗ ನನಗೆ ಹೊಳೆದದ್ದು ಇಷ್ಟು: ಚೋಮನ ಕೈಗೆ ಮಣ್ಣು ನಿಷಿದ್ಧವಾಗಿರಲಿಲ್ಲ. ಧಣಿಯ ಗದ್ದೆ ಉಳಬಹುದು, ತೋಟಕ್ಕೆ ಮಣ್ಣು ಹೊರಬಹುದು, ಅಗಳು ತೆಗೆಯಬಹುದು. ತನ್ನನ್ನೇ ಹೊರಗಿಡುವ ಗಡಿಯನ್ನು ತನ್ನ ಕೈಯಾರೆ ತೋಡಬಹುದು. ತೋಡಿ ಮುಗಿದ ಕೂಡಲೇ ಆಚೆ ದಡಕ್ಕೆ ಹತ್ತಿ ನಿಲ್ಲಬೇಕು. ಕೋಟೆಯ ಕಂದಕ ಶತ್ರುವನ್ನು ಹೊರಗಿಟ್ಟಿತು. ತೋಟದ ಅಗಳು ಅದನ್ನು ತೋಡಿದವನನ್ನೇ ಹೊರಗಿಟ್ಟಿತು. ನಮ್ಮ ಸೀಮೆಯ ಜಾತಿ ಪದ್ಧತಿಯ ಕುಶಲಗಾರಿಕೆ ಇರುವುದು ಇದರಲ್ಲಿ.

ಕಾರಂತರು ಇದನ್ನು ಕಂಡರು, ಬರೆದರು. ಆ ಕಾಲಕ್ಕೆ ಅದು ಸಣ್ಣ ಕೆಲಸವಲ್ಲ. ಆದರೆ ಚೋಮನಿಗೆ ಅವರು ದುಡಿ ಕೊಟ್ಟರು, ಮಾತು ಕೊಡಲಿಲ್ಲ. ಅವನ ಸಿಟ್ಟು ಚರ್ಮದ ಮೇಲೆ ಬಡಿದು ಅವನ ಗುಡಿಸಲಿನಲ್ಲಿಯೇ ಮುಗಿಯುತ್ತದೆ. ದುಡಿಯ ಸದ್ದನ್ನು ಅಗಳಿನ ಆಚೆಗೆ ದಾಟಿಸುವ ಕೆಲಸ ಎಪ್ಪತ್ತರ ದಶಕದ ದಲಿತ ಬರಹಕ್ಕೆ, ಹೋರಾಟಕ್ಕೆ ಉಳಿಯಿತು. ಇವತ್ತು ಪುತ್ತೂರಿನ ಬಾಲವನದಲ್ಲಿ ಕಾರಂತರ ಮನೆಯನ್ನು ಕಾಪಾಡಿಕೊಂಡು ಬಂದಿದ್ದಾರೆ. ಒಳ್ಳೆಯದು. ಶಾಲೆಯ ಮಕ್ಕಳು ಅಲ್ಲಿಗೂ ಪ್ರವಾಸ ಹೋಗುತ್ತಾರೆ. ಚೋಮನ ಗುಡಿಸಲು ಎಲ್ಲಿತ್ತು ಎಂದು ಕೇಳುವ ಮಗುವಿಗೆ ತೋರಿಸಲು ನಮ್ಮ ಹತ್ತಿರ ಏನೂ ಇಲ್ಲ.

ಏನೂ ಇಲ್ಲವೇ? ಅಗಳು ಇದೆಯಲ್ಲ!

1974ರ ಭೂಸುಧಾರಣೆ ನಮ್ಮ ಜಿಲ್ಲೆಯಲ್ಲಿ ದೊಡ್ಡ ಬದಲಾವಣೆ ತಂದಿತು. ಉಳುವವನೇ ಹೊಲದೊಡೆಯ ಎಂದರು. ಗೇಣಿದಾರರು ಅರ್ಜಿ ಹಾಕಿ ಒಡೆಯರಾದರು. ಅದು ಆಗಲೇಬೇಕಾದ ಕೆಲಸ. ಆದರೆ ಹೊಲೆಯ ಗೇಣಿ ಮಾಡಬಾರದು ಎಂದು ಮೊದಲೇ ಕಟ್ಟುಮಾಡಿದ್ದರಲ್ಲ, ಗೇಣಿಯೇ ಇಲ್ಲದವನಿಗೆ ಗೇಣಿಯ ಚೀಟಿ ಎಲ್ಲಿಂದ ಬರಬೇಕು? ಉತ್ತವನು ಚೋಮ, ಒಡೆಯನಾದವನು ಬೇರೆ. ಕೆಲವರಿಗೆ ಮನೆಯಡಿಯ ಐದೋ ಹತ್ತೋ ಸೆಂಟ್ಸು ಸಿಕ್ಕಿತು, ಅಷ್ಟೆ. ಅಗಳಿನಿಂದ ಹೊರಗೆ ಕಾಲಿಟ್ಟರೆ ಅದು ಕುಮ್ಕಿ. ಹಳೆಯ ವರ್ಗ ಜಮೀನಿನ ಸುತ್ತ ನೂರು ಗಜದವರೆಗೆ ಸೊಪ್ಪು, ಸೌದೆಯ ಹಕ್ಕು ವರ್ಗದಾರನದು. ಸರ್ಕಾರದ ನೆಲವೇ ಆದರೂ ಭೂಮಿಯಿಲ್ಲದವನು ಅಲ್ಲಿ ಅರ್ಜಿ ಹಾಕಿದರೆ ಮೊದಲು ಎದ್ದು ನಿಲ್ಲುವ ತಕರಾರು ಅದೇ. ಒಳಗೆ ಕೋಟೆ, ಸುತ್ತ ಅಗಳು, ಅಗಳಿನಾಚೆ ಮತ್ತೊಂದು ಕಾಣದ ಅಗಳು. ಅದನ್ನೂ ದಾಟಿದರೆ ಡಿ.ಸಿ. ಮನ್ನಾ ಭೂಮಿ. ದಲಿತರಿಗೆಂದೇ ಹಿಂದೆ ಕಾದಿರಿಸಿದ ಆ ನೆಲವನ್ನು ಹಂಚಿಕೊಡಿ ಎಂದು ನಮ್ಮ ಸಂಘಟನೆಗಳು ತಾಲೂಕು ಕಚೇರಿಗಳ ಮುಂದೆ ಕೂತು ಕೇಳುತ್ತಲೇ ಬಂದಿವೆ. ಕಡಬವೂ ಈಗ ತಾಲೂಕಾಗಿದೆ, ಕೂರಲು ಇನ್ನೊಂದು ಕಚೇರಿ ಆಯಿತು. ಸುಳ್ಯ ವಿಧಾನಸಭಾ ಕ್ಷೇತ್ರ ದಶಕಗಳಿಂದ ಪರಿಶಿಷ್ಟ ಜಾತಿಗೆ ಮೀಸಲು. ಕುರ್ಚಿ ಮೀಸಲಾಯಿತು, ನೆಲ ಮೀಸಲಾಗಲಿಲ್ಲ.

ಈ ಮಾತು ನಮಗೂ ಸೇರಬೇಕು ಗೆಳೆಯರೇ. ಬಂಡಾಯದವರಾದ ನಾವು ಕೋಟೆಯನ್ನು ಬೈಯುವುದರಲ್ಲಿ ಪಳಗಿದ್ದೇವೆ. ಕವಿತೆಗಳಲ್ಲಿ ಎಷ್ಟು ಕೋಟೆ ಉರುಳಿಸಿದ್ದೇವೋ ಲೆಕ್ಕವಿಲ್ಲ. 'ಶೋಷಣೆಯ ಕೋಟೆ' ಎಂದು ಬರೆಯುವಾಗ ಆ ಕೋಟೆಯ ಸರ್ವೆ ನಂಬರ್ ಯಾವುದು ಎಂದು ಕೇಳಿಕೊಂಡಿದ್ದೇವೆಯೇ? ಅದರ ಅಗಳಿಗೆ ಕೋಲಿಗೆಷ್ಟು ಎಂದು ನಮಗೆ ಗೊತ್ತಿದೆಯೇ? ಪ್ರತಿಮೆ, ರೂಪಕಗಳ ಮೋಹದಲ್ಲಿ ನವ್ಯರನ್ನು ಟೀಕಿಸಿದ ನಾವೂ ಕೋಟೆಯನ್ನು ಬರೀ ರೂಪಕ ಮಾಡಿಕೊಂಡೆವು. ರೂಪಕಕ್ಕೆ ಪಹಣಿ ಇರುವುದಿಲ್ಲ. ಹಾಗಾಗಿ ಅದನ್ನು ಬಯ್ದರೆ ಯಾರಿಗೂ ನೋವಾಗುವುದಿಲ್ಲ.

ಊರಿನ ಮೇಷ್ಟ್ರುಗಳಿಗೆ ಒಂದು ಮಾತು. ಪ್ರವಾಸ ನಿಲ್ಲಿಸಬೇಡಿ. ಮಕ್ಕಳು ಕಾವೇರಿ ನೋಡಲಿ, ಕೋಟೆ ನೋಡಲಿ, ಟಿಪ್ಪು ಬಿದ್ದ ಜಾಗದಲ್ಲಿ ಒಂದು ನಿಮಿಷ ನಿಲ್ಲಲಿ. ಆದರೆ ಬಸ್ಸು ಹೊರಡುವ ಹಿಂದಿನ ವಾರ ಒಂದು ಸಂಜೆ ಅವರನ್ನು ಊರಿನ ಒಂದು ತೋಟದ ಸುತ್ತ ನಡೆಸಿ. ಅಗಳು ಎಷ್ಟು ಆಳ, ಎಷ್ಟು ಅಗಲ, ಎಷ್ಟು ಉದ್ದ ಎಂದು ಅಳೆಸಿ. ತೋಡಿದವರ ಮನೆಗೆ ಹೋಗಿ ಹೆಸರು ಕೇಳಿ ಬರೆದುಕೊಳ್ಳಲಿ. ಈಗ ಜೆ.ಸಿ.ಬಿ. ಬಂದಿದೆ, ಪಿಕ್ಕಾಸು ಹಿಡಿದವರು ಮುದುಕರಾಗಿದ್ದಾರೆ. ಅವರು ಹೋದರೆ ಆ ಲೆಕ್ಕವೂ ಹೋಗುತ್ತದೆ. ಯಾವ ವರ್ಷ, ಯಾರ ತೋಟ, ಎಷ್ಟು ದಿನ, ಏನು ಕೊಟ್ಟರು, ಮಧ್ಯಾಹ್ನ ಊಟ ಎಲ್ಲಿ ಬಡಿಸಿದರು, ಯಾವುದರಲ್ಲಿ ಬಡಿಸಿದರು ಎಂದು ಎಲ್ಲವನ್ನೂ ಮಕ್ಕಳು ಬರೆಯಲಿ. ಅದು ನಮ್ಮ ಊರಿನ ಚರಿತ್ರೆ. ನಾ ಕಂಡ ಮಟ್ಟಿಗೆ ಅದನ್ನು ಇನ್ನೂ ಯಾರೂ ಬರೆದಿಲ್ಲ.

ಆಮೇಲೆ ಕೋಟೆಗೆ ಕರೆದುಕೊಂಡು ಹೋಗಿ. ಅಳೆದು ಗೊತ್ತಿರುವ ಮಕ್ಕಳು ಗೋಡೆಯ ಮೇಲಿಂದ ಕೆಳಗೆ ನೋಡುವ ರೀತಿಯೇ ಬೇರೆಯಾಗಿರುತ್ತದೆ.

ಆ ಹುಡುಗನ ಪ್ರಶ್ನೆಗೆ ನಾನು ಶ್ರೀರಂಗಪಟ್ಟಣದಲ್ಲಿ ಉತ್ತರ ಕೊಡಲಿಲ್ಲ. "ಆಮೇಲೆ ಹೇಳ್ತೇನೆ, ಸಾಲಲ್ಲಿ ನಿಲ್ಲು" ಎಂದೆ. ಊರಿಗೆ ಬಂದು ಪ್ರವಾಸದ ಪ್ರಬಂಧ ಬರೆಸಿದಾಗ ಅವನು ಎಲ್ಲರ ಹಾಗೆಯೇ ಬರೆದಿದ್ದ: ಟಿಪ್ಪು ಸುಲ್ತಾನ್ ಮೈಸೂರು ಹುಲಿ, ಕೋಟೆ ಬಹಳ ಭದ್ರವಾಗಿತ್ತು, ದರಿಯಾ ದೌಲತ್ ತುಂಬಾ ಸುಂದರವಾಗಿದೆ. ಅಗಳಿನ ಮಾತೇ ಇರಲಿಲ್ಲ. ಶಾಲೆಗೆ ಯಾವುದು ಬೇಕು, ಯಾವುದು ಬೇಡ ಎಂದು ಅವನು ಆಗಲೇ ಕಲಿತುಬಿಟ್ಟಿದ್ದ. ನಾನೇ ಕಲಿಸಿದ್ದೆ. ಪುಸ್ತಕ ವಾಪಸ್ ಕೊಡುವಾಗ ಕೊನೆಯಲ್ಲಿ ಕೆಂಪು ಶಾಯಿಯಲ್ಲಿ ಬರೆದೆ: "ನೀನು ಕೇಳಿದ ಪ್ರಶ್ನೆಯನ್ನು ಯಾಕೆ ಬಿಟ್ಟೆ? ಮತ್ತೆ ಬರೆದುಕೊಂಡು ಬಾ."